ಸೊಂಟದೆತ್ತರದ ಕಟ್ಟೆ

ಮದುವೆಗೆ ಮುಂಚೆ ಅವಳು ಅವನಿಗೆ ಹಾಕಿದ್ದು ಒಂದೇ ಒಂದು ಷರತ್ತು.

"ಒಂದು ಸಲ ಕೈ ಎತ್ತಿದ್ರೆ ಮುಗೀತು. ಯಾಕೆ, ಏನು, ಯಾರ ತಪ್ಪು ಅನ್ನೋ ಮಾತೇ ಇಲ್ಲ. ಕೂತಿದ್ದವಳು ಹಾಗೇ ಎದ್ದು ಹೋಗ್ತೀನಿ."

ಅವನು ನಗಲಿಲ್ಲ. ಆಣೆ ಪ್ರಮಾಣ ಅಂತ ನಾಟಕವನ್ನೂ ಆಡಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ, "ಇವು ಅಡುಗೆ ಮಾಡೋ ಕೈ ಕಣೇ, ಬೇರೆ ಕೆಲಸ ಗೊತ್ತಿಲ್ಲ ಇವಕ್ಕೆ" ಅಂದ. ಆ ಮಾತಿಗೆ ಅವಳು ಸೋತುಹೋದಳು. ಅದಾಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಅವನ ಕೈ ಮೇಲಕ್ಕೆ ಹೋದದ್ದು ಅಟ್ಟದ ಮೇಲಿನ ಡಬ್ಬ ಇಳಿಸುವುದಕ್ಕೆ ಮಾತ್ರ. ಬಸ್ ಡಿಪೋದಲ್ಲಿ ಉಳಿದ ಹೆಂಗಸರು ತಂತಮ್ಮ ಗಂಡಂದಿರ ಪುರಾಣ ಬಿಚ್ಚಿದಾಗ ಅವಳು ಚಹಾ ಲೋಟದ ಮರೆಯಲ್ಲಿ ಸುಮ್ಮನೆ ಬೀಗುತ್ತಿದ್ದಳು.

ಷರತ್ತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅವಳ ಅಪ್ಪ ಹೊಡೆಯುವ ಮನುಷ್ಯ. ಕುಡಿದು ಹೊಡೆಯುವವನ ಮೇಲೆ ಜನಕ್ಕೆ ಒಂದಿಷ್ಟು ಕನಿಕರವಾದರೂ ಇರುತ್ತದೆ. ಈ ಪುಣ್ಯಾತ್ಮ ಒಂದು ಹನಿ ಮುಟ್ಟದೆ, ಮುಖ ತೊಳೆದು, ತಲೆ ಬಾಚಿಕೊಂಡು ಹೊಡೆಯುತ್ತಿದ್ದ. ಒಮ್ಮೆ ಅಮ್ಮನ ದವಡೆ ಮುರಿಯಿತು. ಆರು ವಾರ ಆಕೆ ಕೊಳವೆಯಲ್ಲಿ ಊಟ ಹೀರಿದಳು, ವಿಚಾರಿಸಲು ಬಂದವರಿಗೆಲ್ಲ ಮೆಟ್ಟಿಲಲ್ಲಿ ಜಾರಿದೆ ಎಂದು ಬರೆದು ತೋರಿಸಿದಳು. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ. ಮಗಳಿಗೆ ಹನ್ನೊಂದು ತುಂಬುವ ಹೊತ್ತಿಗೆ ಪೆಟ್ಟು ಬೀಳುವ ಮುಂಚಿನ ಮೌನ ಚೆನ್ನಾಗಿ ಪರಿಚಯವಾಗಿತ್ತು. ಕೂಗಿದರೆ ಒಂದು ಪೆಟ್ಟು ಹೆಚ್ಚು ಬೀಳುತ್ತದೆ, ತುಟಿ ಕಚ್ಚಿಕೊಂಡರೆ ಬೇಗ ಮುಗಿಯುತ್ತದೆ ಎಂಬ ಲೆಕ್ಕವೂ ಗೊತ್ತಿತ್ತು.

ಈಗ ಅವಳು ಬಸ್ ಓಡಿಸುತ್ತಾಳೆ. ಊರೊಳಗಿನ ದಾರಿ, ಎರಡು ಬಾಗಿಲಿನ ಉದ್ದನೆಯ ಬಸ್ಸು. ಹಿಂದೆ ತಿರುಗದೆ ಕನ್ನಡಿಯಲ್ಲೇ ಎಲ್ಲರನ್ನೂ ನೋಡುವ ಚಾಳಿ ಅಲ್ಲಿಂದ ಬಂದದ್ದು. ಯಾರು ಟಿಕೆಟ್ ತೆಗೆದಿಲ್ಲ, ಯಾರ ಕೈ ಯಾರ ಜೇಬಿನ ಕಡೆ ಸರಿಯುತ್ತಿದೆ, ಯಾರು ಯಾರ ಮೇಲೆ ಬೀಳಲಿದ್ದಾರೆ ಎಂಬುದು ಅವಳಿಗೆ ಬೆನ್ನಲ್ಲಿ ಗೊತ್ತಾಗುತ್ತದೆ.

ವರ್ಷದ ಕೊನೆಯ ರಜೆಗಳ ನಟ್ಟನಡುವೆ ಹುಟ್ಟಿದ್ದೇ ಅವಳು ಮಾಡಿದ ತಪ್ಪು. ಊರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಹೊರಗೆ ಉಣ್ಣಲು ಹೊರಟ ದಿನಗಳಲ್ಲಿ ಬಾಣಸಿಗನ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು ನಿಂತು ನಿನ್ನೆಯದನ್ನು ತಿನ್ನುತ್ತಾಳೆ. ಎಂಟು ಹುಟ್ಟುಹಬ್ಬ ಹಾಗೇ ಹೋದವು. ಈ ಸಲ ಅವನೇ ಒಂದು ದಾರಿ ಹುಡುಕಿದ. "ನಾನು ಬರೋಕಾಗಲ್ಲ, ನೀನೇ ಬಾ. ಮಧ್ಯಾಹ್ನಕ್ಕೆ ನಮ್ಮಲ್ಲೇ ಮೇಜು ಹಾಕಿಸ್ತೀನಿ. ಎರಡು ಕುರ್ಚಿ. ನಡುವೆ ಹತ್ತು ನಿಮಿಷ ಬಂದು ನಿನ್ನೆದುರು ಕೂರ್ತೀನಿ." ಅವನು ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗ. ಆ ಜಾಗದಲ್ಲಿ ಮೇಜು ಸಿಗಬೇಕಾದರೆ ಜನ ತಿಂಗಳುಗಟ್ಟಲೆ ಕಾಯುತ್ತಾರೆ.

ಆ ದಿನ ಬೆಳಗಿನ ಪಾಳಿ ಮಾತ್ರ ಮಾಡಿ ಹೊರಡಲು ಡಿಪೋದಲ್ಲಿ ಒಪ್ಪಿಸಿದ್ದಳು. ಪಾಳಿಯೂ ನೆಟ್ಟಗೆ ಮುಗಿಯಲಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರ ಕೈಯಲ್ಲೂ ಚೀಲ. ಒಂದು ಸೀಟಿಗಾಗಿ ಇಬ್ಬರು ಗಂಡಸರು ಜಗಳಕ್ಕೆ ಬಿದ್ದರು, ಒಬ್ಬ ಇನ್ನೊಬ್ಬನ ಕೂದಲು ಹಿಡಿದು ಹಣೆಯನ್ನು ಕಂಬಕ್ಕೆ ಜಜ್ಜಿದ. ಒಂದು ಸಲ, ಎರಡು ಸಲ. ಅವಳು ಬಸ್ಸನ್ನು ಬದಿಗೆ ಹಾಕಿ, ಎದ್ದುಹೋಗಿ ಇಬ್ಬರ ಕಾಲರನ್ನೂ ಹಿಡಿದು ಬಾಗಿಲಿಂದಾಚೆ ನೂಕಿದಳು. ಕಂಬಕ್ಕೆ ಜಜ್ಜಿದವನು ಅವಳ ಮೇಲೆ ಉಗಿದ. ಅವನ ಮೊಣಕಾಲಿಗೆ ಬೂಟುಗಾಲಿಂದ ಒದ್ದಳು. ಅವನು ಕುಸಿದು ಕೂತ. ಡಿಪೋಗೆ ಬಂದು ಬಾಗಿಲ ಗಾಜಿನ ಮೇಲಿನ ರಕ್ತ ಒರೆಸಿದಳು. ಅವನಿಗೆ ಇನ್ನೊಂದು ಕೊಡಬೇಕಿತ್ತು ಅನ್ನಿಸಿತು. ಅದು ಅವಳಿಗೇ ಹಿಡಿಸಲಿಲ್ಲ.

ಕೈಕಾಲು ತೊಳೆದು, ಮೊಣಕಾಲಿನ ಕೆಳಗೆ ಬರುವಷ್ಟು ಉದ್ದದ ಹೊಸ ನೀಲಿ ಉಡುಪು ಹಾಕಿಕೊಂಡು, ಒಂದೂವರೆಗೆ ಅವನ ಜಾಗಕ್ಕೆ ಹೋದಳು.

ಒಳಗೆ ಎತ್ತರದ ಕಿಟಕಿಗಳು, ದಪ್ಪ ಬಿಳಿ ಬಟ್ಟೆ ಹಾಸಿದ ಮೇಜುಗಳು, ಪಿಸುಮಾತಿನಲ್ಲಿ ನಗುವ ಜನ. ಊಟದ ಹಾಲ್‌ನ ಒಂದು ಬದಿಗೆ ಗೋಡೆಯೇ ಇಲ್ಲದ ಅಡುಗೆಮನೆ. ತಮ್ಮಲ್ಲಿ ಮುಚ್ಚುಮರೆ ಇಲ್ಲ, ಒಲೆಯಿಂದ ತಟ್ಟೆಯವರೆಗೆ ಎಲ್ಲವೂ ಕಣ್ಣೆದುರೇ ಆಗುತ್ತದೆ ಅನ್ನುವುದು ಅವರ ದೊಡ್ಡಸ್ತಿಕೆ. ನಡುವೆ ಸೊಂಟದೆತ್ತರದ ಕಲ್ಲಿನ ಕಟ್ಟೆ. ಅಲ್ಲಿಂದ ಮೇಲಿನದೆಲ್ಲ ಕಾಣುತ್ತದೆ: ಬಿಳಿ ಕೋಟುಗಳು, ಚುರುಕು ಕೈಗಳು, ಆಗಾಗ ಏಳುವ ಬೆಂಕಿ. ಕೆಳಗಿನದು ಕಾಣುವುದಿಲ್ಲ, ಅದನ್ನು ನೋಡಲು ಯಾರೂ ಬಂದಿರುವುದೂ ಇಲ್ಲ.

ಅವಳ ಮೇಜು ಕಟ್ಟೆಗೆ ತೀರ ಹತ್ತಿರ. ಬಡಿಸುವಾಕೆ, ಮಧ್ಯವಯಸ್ಸಿನ ಮೃದು ದನಿಯ ಹೆಂಗಸು, ಬಗ್ಗಿ ಹೇಳಿದಳು: "ಷೆಫ್ ಮನೆಯವರು ಅಲ್ವಾ ಮೇಡಂ? ಅವರದೇ ಆರ್ಡರು, ಆರು ಬಗೆ ಊಟ. ಕೊನೇಲಿ ಸಿಹಿ ಬರೋ ಮುಂಚೆ ನಿಮ್ಮನ್ನ ಒಳಗೆ ಕರಕೊಂಡು ಹೋಗ್ತೀವಿ. ಹುಟ್ಟುಹಬ್ಬದವರು ಕಟ್ಟೆ ಆಚೆ ಷೆಫ್ ಪಕ್ಕ ನಿಂತು ತಮ್ಮ ಸಿಹಿ ಮೇಲೆ ತಾವೇ ಒಂದು ಚಮಚ ರಸ ಹಾಕ್ಬೇಕು, ಇಲ್ಲಿಂದ ನಾನು ಫೋಟೋ ತೆಗೀತೀನಿ. ನಮ್ಮಲ್ಲಿ ಅದೊಂದು ರೂಢಿ."

ಅವನು ಕಟ್ಟೆಯ ನಡುವೆ ನಿಂತಿದ್ದ. ಅವಳನ್ನು ನೋಡಿ ಹುಬ್ಬು ಹಾರಿಸಿದ. ಅವಳೂ ಹದಿನೆಂಟರ ಹುಡುಗಿಯ ಹಾಗೆ ಹುಬ್ಬು ಹಾರಿಸಿದಳು.

ಮೊದಲು ಬಂದದ್ದು ಬಸ್ಸಿನ ಸ್ಟೀರಿಂಗ್‌ನಷ್ಟು ಅಗಲದ ತಟ್ಟೆ, ಅದರ ನಡುವೆ ಹೆಬ್ಬೆರಳಿನಷ್ಟು ಏನೋ. ಬಡಿಸುವಾಕೆ ಅದರ ಬಗ್ಗೆ ಎರಡು ನಿಮಿಷ ಮಾತಾಡಿದಳು, ಇವಳು ಎರಡು ಸೆಕೆಂಡಿನಲ್ಲಿ ನುಂಗಿದಳು. ಆಮೇಲೆ ಸೂಪು. ಬಾಯಲ್ಲಿಟ್ಟರೆ ಕಣ್ಣು ತಾನಾಗಿ ಮುಚ್ಚಿಕೊಳ್ಳಬೇಕು, ಅಂಥದ್ದು. ಇದನ್ನು ಮಾಡಿದ ಕೈಗಳೇ ರಾತ್ರಿ ಮನೆಗೆ ಬಂದು ಬ್ರೇಕ್ ಒತ್ತಿ ಒತ್ತಿ ಗಟ್ಟಿಯಾದ ತನ್ನ ಮೀನಖಂಡಗಳನ್ನು ಒತ್ತುತ್ತವೆ ಎಂದು ನೆನೆದು ಅವಳಿಗೆ ಹೆಮ್ಮೆಯಾಯಿತು.

ಬೇರೆಯವರಾಗಿದ್ದರೆ ಉಳಿದದ್ದನ್ನೂ ಹಾಗೇ ಕಣ್ಣು ಮುಚ್ಚಿ ತಿಂದು ಹೋಗುತ್ತಿದ್ದರು. ಇವಳಿಗೆ ನೋಡುವ ಚಾಳಿ.

ಒಳಗೆ ಆರು ಜನ ಅಡುಗೆಯವರು. ಯಾರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಕೆಲಸದ ಭರದಲ್ಲಿ ಮಾತು ಸತ್ತಿರಬಹುದು ಅಂದುಕೊಂಡಳು. ಅಲ್ಲ, ಇದು ಬೇರೆ ಜಾತಿಯ ಮೌನ. ಅವನ ಎಡಕ್ಕೆ ಒಬ್ಬ ಹೆಂಗಸು, ಮೂವತ್ತರ ಆಸುಪಾಸಿನವಳು, ಮೀನು ಹುರಿಯುತ್ತಿದ್ದಳು. ಮನೆಯಲ್ಲಿ ಅವನ ಮಾತಿನಲ್ಲಿ ಆಗಾಗ ಬರುತ್ತಿದ್ದ ಮೀನಿನವಳು ಇವಳೇ ಇರಬೇಕು. ಅವಳ ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿದ್ದವು. ಒಮ್ಮೆ, ಯಾವ ಕಾರಣವೂ ಕಾಣದೆ, ಅವಳ ಗದ್ದ ಚಕ್ಕನೆ ಎದೆಗೆ ಬಂತು, ಕಣ್ಣಲ್ಲಿ ನೀರು ತುಂಬಿತು. ಆದರೆ ಬಾಣಲೆ ಹಿಡಿದ ಕೈ ನಿಲ್ಲಲಿಲ್ಲ. ಮೀನು ಮಗುಚಿಕೊಂಡಿತು. ತಟ್ಟೆ ತರಲು ಹೋಗುವಾಗ ಅವಳು ಒಂದು ಕಾಲು ಎಳೆದಳು.

ಬಸ್ಸಿನವಳ ಚಮಚ ಅರ್ಧದಲ್ಲಿ ನಿಂತಿತು. ಅಮ್ಮ ತಟ್ಟೆ ಇಡುತ್ತಿದ್ದದ್ದು ಹೀಗೇ. ಪೆಟ್ಟು ಬಿದ್ದ ಮೇಲೂ ಕೈ ಕೆಲಸ ಮಾಡುತ್ತಲೇ ಇರುತ್ತಿತ್ತು. ಇಲ್ಲಿ ಯಾರೋ ಹೊಡೆಯುತ್ತಿದ್ದಾರೆ.

ಯಾರು ಎಂದು ಹುಡುಕಿದಳು. ಹಾಲಿನಲ್ಲಿ ಟೈ ಕಟ್ಟಿಕೊಂಡು ತಿರುಗುತ್ತಿದ್ದ ಮ್ಯಾನೇಜರನ ಮೇಲೆ ಅನುಮಾನ ಬಂತು. ತೆಳು ತುಟಿ, ಸಣ್ಣ ಕಣ್ಣು, ನೋಡಿದರೇ ಕಪಾಳಕ್ಕೆ ಬಾರಿಸಬೇಕು ಅನ್ನಿಸುವ ಮುಖ. ಮನುಷ್ಯನ ಬುದ್ಧಿ ಎಂಥದ್ದು ನೋಡಿ. ಕಣ್ಣೆದುರಿಗೆ ನಿಂತವನನ್ನು ಬಿಟ್ಟು ಮೂಲೆಯಲ್ಲಿರುವವನ ತುಟಿ ಅಳೆಯುತ್ತದೆ.

ಆಗ ಅವನು ಕೈ ಒರೆಸಿಕೊಳ್ಳುತ್ತ ಮೇಜಿನ ಬಳಿ ಬಂದ. ಕುರ್ಚಿಯ ಬೆನ್ನಿಗೆ ಕೈಯಿಟ್ಟ, ಕೂರಲಿಲ್ಲ.

"ಹೇಗಿದೆ?"

"ನಿನ್ನ ಕೈ ಕತ್ತರಿಸಿ ಮನೇಲಿ ಇಟ್ಕೋಬೇಕು ಅನ್ನಿಸ್ತಿದೆ. ಕೂತ್ಕೋ."

"ಮೀನು ಹೋಗ್ಲಿ, ಆಮೇಲೆ ಬಂದು ಕೂರ್ತೀನಿ. ಇವತ್ತು ಜನ ಜಾಸ್ತಿ."

"ಆ ಮೀನಿನವಳು ಯಾಕೋ ಕುಂಟ್ತಾಳೆ."

"ಓವನ್ ಬಾಗಿಲು ಬಡಿಸ್ಕೊಂಡಿರ್ತಾಳೆ. ಮೈಮೇಲೆ ಜ್ಞಾನ ಇಲ್ಲ ಅವಳಿಗೆ." ಅವಳ ಕೆನ್ನೆಯನ್ನು ಒಂದು ಬೆರಳಿಂದ ಮುಟ್ಟಿ ಹೋದ.

ಮೆಟ್ಟಿಲಲ್ಲಿ ಜಾರಿದೆ ಅನ್ನುವ ಮಾತಿಗೂ ಇದಕ್ಕೂ ಎಷ್ಟು ದೂರ ಅಂತ ಅವಳ ಒಳಗೊಂದು ದನಿ ಕೇಳಿತು. ಪಾಪ, ಇವನಿಗೂ ಗೊತ್ತಿಲ್ಲ ಅಂದುಕೊಂಡು ಆ ದನಿಯ ಬಾಯಿ ಮುಚ್ಚಿಸಿದಳು. ತನ್ನ ಕೈಕೆಳಗಿನವರನ್ನು ಯಾರೋ ಮರೆಯಲ್ಲಿ ಬಡಿಯುತ್ತಿದ್ದಾರೆ, ಇವನು ತಟ್ಟೆಯ ಅಂಚು ಒರೆಸುತ್ತ ನಿಂತಿದ್ದಾನೆ. ಒಳಗೆ ಹೋದಾಗ ಕಿವಿಯಲ್ಲಿ ಹೇಳಿಬಿಡಬೇಕು. ಹಾಗೆಂದು ತೀರ್ಮಾನಿಸಿಕೊಂಡೇ ಉಳಿದ ತಟ್ಟೆಗಳನ್ನು ಮುಗಿಸಿದಳು. ಅವನು ಬಂದು ಕೂರಲಿಲ್ಲ. ಮುಂದಿನ ಮೇಜಿನವರು ಮೀನು ಒಣಗಿದೆ ಎಂದು ಗೊಣಗುತ್ತಿದ್ದರು.

ಬಡಿಸುವಾಕೆ ಅವಳನ್ನು ಕರೆದುಕೊಂಡು ಹೋದಳು. ಅತಿಥಿಗಳನ್ನು ಯಾವಾಗಲೂ ಕಟ್ಟೆಯ ಬಲಗಡೆಯಿಂದ ಒಳಗೆ ಬಿಡುವುದು ಪದ್ಧತಿ. ಅಂದು ಆ ಕಡೆ ಎಂಜಲು ತಟ್ಟೆಗಳ ಗಾಡಿ ಅಡ್ಡ ನಿಂತಿತ್ತು. ಹಾಗಾಗಿ ಎಡಗಡೆಯಿಂದ ಒಳಗೆ ಬಿಟ್ಟಳು. "ನೀವು ಒಂದು ಹೆಜ್ಜೆ ಆಚೆ" ಎಂದು ಮೀನಿನವಳಿಗೆ ಸನ್ನೆ ಮಾಡಿ, ಅವಳ ಜಾಗದಲ್ಲಿ ಇವಳನ್ನು ನಿಲ್ಲಿಸಿ, ಫೋಟೋ ತೆಗೆಯಲು ಹೊರಗೆ ಓಡಿದಳು. ಅವನು ತಟ್ಟೆಗಳ ಮೇಲೆ ಬಗ್ಗಿದ್ದ. ಹೆಂಡತಿ ಬರುವುದು ಬಲಗಡೆಯಿಂದ ಎಂದು ಅವನ ಮೈಗೆ ಗೊತ್ತಿತ್ತು, ಎಡಕ್ಕೆ ನಿಲ್ಲುವುದು ಯಾರು ಎಂಬುದೂ ಮೈಗೆ ಗೊತ್ತಿತ್ತು.

ಅವಳು ಅವನ ಕಿವಿಯ ಕಡೆ ಬಗ್ಗುವಷ್ಟರಲ್ಲಿ ಮ್ಯಾನೇಜರ್ ಆಚೆಯಿಂದ ಒಂದು ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟ. ಅರ್ಧ ತಿಂದ ಮೀನು, ವಾಪಸ್ ಬಂದದ್ದು.

ಅವನು ತಲೆ ಎತ್ತಿ ಹಾಲಿನ ಕಡೆ ನೋಡಿ ಮುಗುಳ್ನಕ್ಕ, ಆ ಮೇಜಿನವರಿಗೆ ತಲೆ ಬಾಗಿ ಕ್ಷಮೆ ಕೇಳಿದ. ತುಟಿ ಅಲ್ಲಾಡದ ಹಾಗೆ, ಅವಳು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರದ ದನಿಯಲ್ಲಿ, "ಕತ್ತೆ ಮುಂಡೆ, ಇದನ್ನ ನಾಯಿನೂ ಮೂಸಲ್ಲ" ಅಂದ. ಅವನ ಎಡಗೈ ಕುದಿಯುವ ಪಾತ್ರೆಯಿಂದ ಉದ್ದ ಹಿಡಿಯ ಸ್ಟೀಲ್ ಸೌಟನ್ನು ಎತ್ತಿ ಕಟ್ಟೆಯ ಕೆಳಕ್ಕೆ ಇಳಿಯಿತು.

ಸೌಟಿನ ಅಂಚು ಅವಳ ಬಲಗಾಲಿನ ಮೊಣಕಾಲಿನ ಕೆಳಗಿನ ಮೂಳೆಗೆ ಬಿತ್ತು. ಮೂಳೆಯ ಸದ್ದು ಅವಳ ಹಲ್ಲಿನವರೆಗೆ ಬಂತು. ಬೆನ್ನಿಗೇ ಉರಿ, ಚರ್ಮ ಬೆಂದು ಲೋಹಕ್ಕೆ ಅಂಟಿ ಕಿತ್ತುಬಂದ ಉರಿ.

ಅವಳು ಕೂಗಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಕಲಿತ ಪಾಠವನ್ನು ಮೈ ಮರೆತಿರಲಿಲ್ಲ, ತುಟಿ ತಾನಾಗಿ ಹಲ್ಲಿನ ಕೆಳಗೆ ಹೋಯಿತು. ಕೂಗಿದ್ದರೆ ಅವನು ತಿರುಗುತ್ತಿದ್ದ. ಆದರೆ ಅವನಿಗೆ ಕೇಳಿದ್ದು ಎಂದಿನ ಮೌನವೇ. ಆ ಮೌನದಿಂದ ಧೈರ್ಯ ತಂದುಕೊಂಡು ಮತ್ತೆ ಹೊಡೆದ. ಈ ಸಲ ಕೈ ಬೀಸಿಯೇ ಹೊಡೆದ. ಪೆಟ್ಟು ಅದೇ ಜಾಗಕ್ಕೆ, ಒಂದು ಬೆರಳಿನಷ್ಟೂ ಆಚೀಚೆ ಇಲ್ಲದ ಹಾಗೆ ಬಿತ್ತು. ಅಭ್ಯಾಸವಿಲ್ಲದವನಿಗೆ ಹಾಗೆ ಗುರಿಯಿಡಲು ಬರುವುದಿಲ್ಲ. ಬಿಸಿ ರಕ್ತ ಪಾದಕ್ಕೆ ಇಳಿದು ಹೊಸ ಚಪ್ಪಲಿಯೊಳಗೆ ಜಿಗುಟಾಯಿತು. ಮೇಲೆ ಅವನ ಮುಗುಳ್ನಗೆ ಇನ್ನೂ ಹಾಗೇ ಇತ್ತು. ಆಚೆಯಿಂದ ಬಡಿಸುವಾಕೆ ಫೋನ್ ಎತ್ತಿ, "ಇಲ್ಲಿ ನೋಡಿ ಮೇಡಂ" ಅನ್ನುತ್ತಿದ್ದಳು.

ಸೌಟು ಮೂರನೆಯ ಸಲ ಮೇಲೆದ್ದಾಗ ಮೀನಿನವಳು ಹೇಳಿದಳು: "ಷೆಫ್, ಅಕ್ಕ ಅವ್ರು."

ಅವನು ತಿರುಗಿದ. ನಗು ತುಟಿಯಲ್ಲಿ ಇತ್ತು, ಕಣ್ಣಿನಿಂದ ಹೊರಟುಹೋಗಿತ್ತು. ಅವಳ ಮುಖ ನೋಡಿದ, ಕಾಲು ನೋಡಿದ, ಸೌಟು ನೋಡಿದ.

ಅವನ ಕೈಯಿಂದ ಅವಳು ಸೌಟನ್ನು ತೆಗೆದುಕೊಂಡಳು. ಅವನು ಕೊಡಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಕಟ್ಟೆಯ ಮೇಲೆ ಊರಿದ್ದ ಅವನ ಬಲಗೈ ಗೆಣ್ಣುಗಳ ಮೇಲೆ ಮೊದಲ ಏಟು ಹಾಕಿದಳು. ಲಟಕ್ಕೆಂದು ಸದ್ದು ಬಂತು. ಎರಡನೆಯದು ಮುಖಕ್ಕೆ. ಕೆನ್ನೆ ಕಿವಿಯವರೆಗೆ ಒಡೆದು ಬಿಳಿ ಕೋಟಿನ ಮೇಲೆ, ಒರೆಸಿಟ್ಟ ತಟ್ಟೆಗಳ ಮೇಲೆ, ಅವಳಿಗಾಗಿ ಕಾದಿದ್ದ ಸಿಹಿಯ ಮೇಲೆ ರಕ್ತ ಚಿಮ್ಮಿತು. ಹಾಲಿನಲ್ಲಿ ಒಬ್ಬಳು ಕಿರುಚಿದಳು, ಒಂದು ಕುರ್ಚಿ ಉರುಳಿತು. ಇಷ್ಟು ದಿನ ಕಟ್ಟೆಯ ಕೆಳಗೆ ನಡೆದದ್ದು ಮೇಲೆ ನಡೆಯಿತು, ಅಷ್ಟೇ.

ಅವಳಿಗೆ ಸುಖವಾಯಿತು. ಸುಳ್ಳೇಕೆ ಹೇಳಬೇಕು, ಸುಖವಾಯಿತು. ತೋಳಿಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ, ಎಷ್ಟು ಎತ್ತರಕ್ಕೆ ಎತ್ತಬೇಕು, ಎಲ್ಲಿ ಇಳಿಸಬೇಕು ಎಂಬುದು ಅದಕ್ಕೇ ಗೊತ್ತಿತ್ತು.

ಅವನು ಕೆನ್ನೆ ಹಿಡಿದುಕೊಂಡು ಒಲೆಗೆ ಒರಗಿದ. ಬೆರಳುಗಳ ಸಂದಿನಿಂದ ರಕ್ತ ಇಳಿಯುತ್ತಿತ್ತು. "ನೀನು ಅಂತ ಗೊತ್ತಿರ್ಲಿಲ್ಲ ಕಣೇ" ಅಂದ. "ಆಣೆಗೂ ಗೊತ್ತಿರ್ಲಿಲ್ಲ. ಅವಳು ಅಂದ್ಕೊಂಡೆ."

ಅದನ್ನು ಅವನು ಸಮಾಧಾನದ ಮಾತು ಎಂದುಕೊಂಡೇ ಹೇಳಿದ. ತಾನು ಷರತ್ತು ಮುರಿದಿಲ್ಲ ಎಂದು ಅವನ ಲೆಕ್ಕ. ಅವಳ ಕಣ್ಣು ಕತ್ತಲಿಟ್ಟಿತು. ಸೌಟು ಮತ್ತೆ ಮೇಲೆದ್ದಿತು, ಈ ಸಲ ತಲೆಗೇ. ಯಾರೋ ಅವಳ ಮಣಿಕಟ್ಟನ್ನು ಹಿಂದಿನಿಂದ ಹಿಡಿದರು.

"ಸಾಕು ಅಕ್ಕ" ಅಂದಳು ಮೀನಿನವಳು. "ಇಲ್ಲಿ ಹೊಡೆಯೋರು ಒಬ್ಬರಿದ್ದದ್ದೇ ಸಾಕಾಗಿದೆ ನಮಗೆ."

ಅವಳು ತಿರುಗಿ ನೋಡಿದಳು. ಉಳಿದ ಐವರೂ ಗೋಡೆಗೆ ಅಂಟಿ ನಿಂತಿದ್ದರು, ಕಣ್ಣು ಅವನ ಮೇಲಲ್ಲ, ಇವಳ ಕೈಮೇಲೆ. ಸೌಟು ನೆಲಕ್ಕೆ ಬಿತ್ತು.

ಮೀನಿನವಳು ಅವಳನ್ನು ಹಿಂಬಾಗಿಲಿನ ಓಣಿಗೆ ನಡೆಸಿಕೊಂಡು ಹೋದಳು. ತರಕಾರಿ ಪೆಟ್ಟಿಗೆಗಳ ಮೇಲೆ ಕೂರಿಸಿ, ನಲ್ಲಿಗೆ ಕೊಳವೆ ಸಿಕ್ಕಿಸಿ ಕಾಲಿಗೆ ನೀರು ಬಿಟ್ಟಳು. ಬಿಸಿಲು ನೆತ್ತಿಯಿಂದ ಇಳಿದಿತ್ತು, ಆಚೆ ಬೀದಿಯಲ್ಲಿ ಜನ ಚೀಲ ಹೊತ್ತು ನಗುತ್ತ ಓಡಾಡುತ್ತಿದ್ದರು. ಆಮೇಲೆ ಮೀನಿನವಳು ತನ್ನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ತನ್ನ ಕಾಲಿಗೂ ನೀರು ಬಿಟ್ಟುಕೊಂಡಳು. ಹೊಸ ಗಾಯವೊಂದು ಹಸಿಯಾಗಿತ್ತು. ಅದರ ಕೆಳಗೆ ಹಳೆಯವು, ಕಪ್ಪಗಿನವು, ಬಿಳಿಚಿಕೊಂಡವು, ಒಂದರ ಮೇಲೊಂದು.

"ಎಷ್ಟು ದಿನದಿಂದ?"

"ನಾನು ಬಂದು ನಾಲ್ಕು ವರ್ಷ. ನನಗಿಂತ ಮುಂಚೆ ಇನ್ನೊಬ್ಬರಿದ್ರು ಆ ಜಾಗದಲ್ಲಿ."

ಬಾಗಿಲಲ್ಲಿ ಅವನು ಬಂದು ನಿಂತ. ಕೆನ್ನೆಗೆ ತಟ್ಟೆ ಒರೆಸುವ ಬಟ್ಟೆ ಒತ್ತಿಕೊಂಡಿದ್ದ. "ಮನೆಗೆ ಹೋಗೋಣ ನಡಿ. ಕೂತು ಮಾತಾಡೋಣ. ನಿನ್ನ ಹುಟ್ಟುಹಬ್ಬ ಇವತ್ತು."

"ನೀನು ಹೋಗು" ಅಂದಳು. "ಆ ಮನೆಗೆ ನಾನು ಬರಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಸೀಳಿದ ಕೆನ್ನೆ ಎಳೆಯಿತು, ನೋವಿಗೆ ಕಣ್ಣು ಮುಚ್ಚಿದ, ಒಳಗೆ ಹೋದ. ಹೋಗುವ ಬೆನ್ನನ್ನು ನೋಡಿ ಅವಳಿಗೆ ಅಳು ಬಂತು. ಒಂಬತ್ತು ವರ್ಷ ಬದುಕಿದ್ದು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಅವನು ಅವಳನ್ನು ಪ್ರೀತಿಸುತ್ತಿದ್ದ. ಈಗಲೂ ಪ್ರೀತಿಸುತ್ತಿದ್ದ.

"ನಂಬು" ಎಂದಳು ಮೀನಿನವಳಿಗೆ, ಯಾಕೆ ಹೇಳುತ್ತಿದ್ದೇನೆ ಎಂದು ತನಗೇ ತಿಳಿಯದೆ. "ಮನೇಲಿ ಅವನು ಹೀಗಿಲ್ಲ. ಒಂದು ದಿನ ಗದರಿದ್ದಿಲ್ಲ. ಎಷ್ಟು ದಣಿದು ಬಂದ್ರೂ ಮುಖದಲ್ಲಿ ಸಿಟ್ಟು ಅನ್ನೋದೇ ಇರಲ್ಲ."

"ಗೊತ್ತು ಅಕ್ಕ" ಅಂದಳು ಮೀನಿನವಳು. ಕೊಂಕಿಲ್ಲ, ಸಿಟ್ಟಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. "ಮನೆಗೆ ಹೋಗೋಷ್ಟರಲ್ಲಿ ಸಿಟ್ಟೆಲ್ಲಾ ಇಲ್ಲೇ ಮುಗಿಸಿ ಹೋಗಿರ್ತಾರಲ್ಲ."

ತಿಂದದ್ದೆಲ್ಲ ಒಮ್ಮೆಗೇ ಅವಳ ಬಾಯಿಗೆ ಬಂತು. ಅವಳು ಗೋಡೆ ಹಿಡಿದು ಬಗ್ಗಿದಳು. ಮೀನಿನವಳು ಕೊಳವೆ ಬಿಟ್ಟು ಎದ್ದು, ಎರಡೂ ಕೈಯಲ್ಲಿ ಅವಳ ತಲೆ ಹಿಡಿದುಕೊಂಡಳು.